ಹದಿನಾಲ್ಕನೇ ತಿರುವು

ಕಾರಪಳ್ಳದ ಹತ್ತಿರ ಆನೆ ಅಡ್ಡ ನಿಂತ ದಿನ
ಎಷ್ಟು ದೂರದಲ್ಲಿದೆ ನೋಡೋಣವೆಂದು ಬಸ್ಸಿಳಿದವನು ನಾನು.
ಅದು ಕಿವಿ ಬಿಚ್ಚಿತು. ನಾನು ಓಡಿದೆ,
ಬಸ್ಸು ದಾಟಿ, ಹಿಂದಿನ ಕಬ್ಬಿನ ಲಾರಿ ದಾಟಿ,
ಹೆಗಲಲ್ಲಿ ಚಿಲ್ಲರೆ ಚೀಲ ಝಣ ಝಣ.
"ಆನೆ ಹೋಯ್ತು ಕನಣ್ಣೋ, ನಿಂತ್ಕೊ!"
ಕಿಟಕಿಗೊಂದು ತಲೆ, ತಲೆಗೊಂದು ನಗು.
ಕೇಳಿಸಿತ್ತು.
ನಿಲ್ಲಬೇಕೆನಿಸಲಿಲ್ಲ.

ನಲವತ್ತಾರಕ್ಕೆ ಹೀಗೂ ಒಂದು ಆಸೆ ಹತ್ತುತ್ತದೆಂದು
ಯಾರಿಗೆ ಹೇಳುವುದು?
ಡ್ರೈವರ್ ಚೆಲ್ಲಮುತ್ತುವಿಗೆ ಹೇಳಿದೆ, ತಮಿಳಿನಲ್ಲಿ.
ತಮಿಳಿನಲ್ಲಿ ಹೇಳಿದರೆ ನಾಚಿಕೆ ಒಸಿ ಕಮ್ಮಿ.
ಅವನೇ ಫೋನಲ್ಲಿ ಹುಡುಕಿ, ಕೊಯಮತ್ತೂರಿನ ಮ್ಯಾರಥಾನಿಗೆ
ಹೆಸರು ಬರೆಸಿದ. ದುಡ್ಡೂ ಕಟ್ಟಿದ.
ನಲವತ್ತೆರಡು ಕಿಲೋಮೀಟರ್ ಎಂಬುದನ್ನು
ಆಮೇಲೆ ಹೇಳಿದ.

ತಾಳವಾಡಿಯಲ್ಲಿ ಬೆಳಕಾಗುವ ಮೊದಲು ರಸ್ತೆ ನಮ್ಮದಲ್ಲ.
ರಾತ್ರಿ ರಾಗಿ ಹೊಲಕ್ಕೆ ಬಂದವು ಇನ್ನೂ ಕಾಡು ಸೇರಿರುವುದಿಲ್ಲ.
ಹಾಗಾಗಿ ಶಾಲೆಯ ಮೈದಾನ. ಸುತ್ತಿಗೆ ಇನ್ನೂರೈವತ್ತು ಮೀಟರ್,
ಚೆಲ್ಲಮುತ್ತು ಹಗ್ಗ ಹಿಡಿದು ಅಳೆದದ್ದು.
ಎಡ ಜೇಬಿನ ಹುಣಸೆ ಬೀಜ, ಸುತ್ತಿಗೊಂದರಂತೆ, ಬಲ ಜೇಬಿಗೆ.
ಮೊದಲ ದಿನ ನಾಲ್ಕು ಬೀಜ, ಆಮೇಲೆ ವಾಂತಿ.
ಯುಗಾದಿಯ ಹೊತ್ತಿಗೆ ನಲವತ್ತು.
ಎರಡು ಉಗುರು ನೇರಳೆ ಬಣ್ಣಕ್ಕೆ ತಿರುಗಿ ಉದುರಿದವು.
ದೇವೀರಮ್ಮ ಬೂಟುಗಳನ್ನು ಕೋಳಿಗೂಡಿನ ಮೇಲಕ್ಕೆ ಗಡೀಪಾರು ಮಾಡಿದಳು.
ಕೋಳಿಗಳೂ ಒಪ್ಪಲಿಲ್ಲ.

ವಾಚ್‌ಮನ್ ಜವರಯ್ಯ ಜಗಲಿಯಿಂದ ಒಂದು ವಾರ ನೋಡಿದ.
ಎಂಟನೇ ದಿನ ಟಾರ್ಚು ಹಿಡಿದು ಮೈದಾನಕ್ಕಿಳಿದ:
"ಏನ್ ಕಳ್ಕಂಡಿದ್ದೀಯಪ್ಪ? ಇಬ್ರೂ ಹುಡುಕವ, ಬಾ."

ದೂರ ನನಗೆ ಕಿಲೋಮೀಟರಿನಲ್ಲಿ ತಿಳಿಯದು,
ಸ್ಟೇಜಿನಲ್ಲಿ ತಿಳಿಯುತ್ತದೆ.
ತಾಳವಾಡಿಯಲ್ಲಿ ಹತ್ತಿದರೆ, ಹಾಸನೂರಿಗೆ ಅರ್ಧ ದಾಟಿತು,
ದಿಂಬಂ ಬಂದರೆ ಮೂವತ್ತೈದು,
ಆಮೇಲೆ ಇಪ್ಪತ್ತೇಳು ತಿರುವಿನ ಘಾಟಿ.
ಹಳೆ ಟಿಕೆಟ್ಟಿನ ಬೆನ್ನಿಗೆ ಬರೆದು ಕೂಡಿದೆ:
ನಲವತ್ತೆರಡು ಮುಗಿಯುವುದು ಹದಿನಾಲ್ಕನೇ ತಿರುವಿನಲ್ಲಿ.
ಒಂದು ಕಡೆ ಬಂಡೆ, ಒಂದು ಕಡೆ ಗಾಳಿ.
ಇಪ್ಪತ್ತೊಂದು ವರ್ಷದಲ್ಲಿ
ಅಲ್ಲಿಗೆ ಟಿಕೆಟ್ ಕೇಳಿದವರಿಲ್ಲ.

ಕೊಯಮತ್ತೂರಿನಲ್ಲಿ ಕತ್ತಲಲ್ಲೇ ಶುರು. ಎದೆಗೆ ನಂಬರ್ ಚುಚ್ಚಿದರು.
ಊರಿಗೆಲ್ಲ ಟಿಕೆಟ್ ಹರಿದವನಿಗೆ
ಮೊದಲ ಸಲ ತನ್ನದೇ ಒಂದು.
ಹಾಸನೂರಿನವರೆಗೆ ಸುಖ.
ನುಣುಪು ರಸ್ತೆ, ಬೀದಿ ದೀಪ, ಬಾಳೆಹಣ್ಣು, ಡೋಲು.
ಲದ್ದಿಯ ವಾಸನೆ ಇಲ್ಲ, ಪೊದೆ ಅಲುಗುವುದಿಲ್ಲ.
ಹೆದರಲು ಏನೂ ಇಲ್ಲದ ಕಡೆ ಕಾಲಿಗೆ ಯಾವ ನೆಪ ಹೇಳುವುದು?

ದಿಂಬಂನಲ್ಲಿ ಮೀನಖಂಡ ಕಲ್ಲಾಯಿತು.
ಪಕ್ಕದಲ್ಲಿ ಒಬ್ಬ ಅಜ್ಜಿ, ಸೀರೆಗೆ ಕಚ್ಚೆ ಹಾಕಿ,
ನನ್ನನ್ನು ದಾಟಿ ಹೋದಳು. ನೋಡಲೂ ಇಲ್ಲ.
"ಪೋಲಾಂ ರೈಟ್" ಅಂದೆ ಕಾಲಿಗೆ. ಅದು ಕೇಳಲಿಲ್ಲ.
"ನಡಿಯಪ್ಪ ನಮ್ಮಪ್ಪ, ಒಸಿ ದೂರ" ಅಂದೆ.
ಆಗ ಕೇಳಿತು. ನೋವಿಗೆ ಮನೆಯ ಮಾತೇ ಅರ್ಥವಾಗುವುದು.

ಏಳನೇ ತಿರುವು. ಎಂಟು. ನಡೆದೆ.
ಹತ್ತನೆಯದರಲ್ಲಿ ಅತ್ತೆ. ಯಾಕೆಂದು ಕೇಳಬೇಡಿ.
ಆರು ಗಂಟೆ ಹತ್ತು ನಿಮಿಷಕ್ಕೆ ಮುಟ್ಟಿದಾಗ
ಕಮಾನಿನ ಗಾಳಿ ಬಿಡುತ್ತಿದ್ದರು.
ಅದು ಬಾಗುತ್ತಿತ್ತು, ನಾನೂ ಬಾಗಿ ಒಳಗೆ ನುಸುಳಿದೆ.
ಒಬ್ಬ ಹುಡುಗ ಗೋಣಿಯಲ್ಲಿ ಕೈಯಾಡಿಸಿ
ಪದಕ ಹುಡುಕಿ ಕೊಟ್ಟ.

ಮಂಗಳವಾರ ಡ್ಯೂಟಿ. ನಿಲ್ಲಲಾಗದೆ ಸೀಟಿನಲ್ಲಿ ಕುಳಿತೆ,
ಜನವೇ ನನ್ನ ಬಳಿ ಬಂದು ಟಿಕೆಟ್ ತೆಗೆದುಕೊಂಡರು.
ಘಾಟಿ ಇಳಿಯುತ್ತ, ಹದಿನಾಲ್ಕನೆಯದರಲ್ಲಿ,
ಕೈ ತಾನಾಗಿ ಸೀಟಿಯನ್ನು ಬಾಯಿಗೆ ತಂದಿತು. ಒಂದೇ ಸೀಟಿ.
ಬಸ್ಸು ನಿಂತಿತು. ಬ್ರೇಕಿನ ಬಿಸಿ ವಾಸನೆ. ತಡೆಗೋಡೆಯ ಮೇಲೆ ಮುಸುವ.
"ಯಾರಯ್ಯಾ ಇಳಿಯೋದು ಇಲ್ಲಿ?" ಚೆಲ್ಲಮುತ್ತು ಕನ್ನಡಿಯಲ್ಲಿ ಕಣ್ಣು ಕೆಕ್ಕರಿಸಿದ.
ಬಸ್ಸಿನವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು.

ಇಳಿದಾಯ್ತು, ಹೋಗು ಅಂದೆ.